“ಎದ್ತಾ?” ಅಂತ ಕೇಳುತ್ತಿದ್ದವರು

ಸೆಲ್ವರಾಜ್ ಅಂಕಲ್ ಕಂಪ್ಯೂಟರಿನ ಮುಂದೆ ಕೂತರೆ ತೆರೆಯ ಮೇಲೆ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಮನಸ್ಸಿನಲ್ಲೇ ಓದಿಕೊಳ್ಳುವುದು ಅವರಿಗೆ ಒಗ್ಗುತ್ತಲೇ ಇರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತೋರುಬೆರಳನ್ನು ಗಾಜಿಗೆ ತಾಗಿಸಿ, “ನೋ... ಬೂಟಬಲ್... ಡಿವೈಸ್... ಫೌಂಡ್” ಎಂದು ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವವನ ಹಾಗೆ ಒಂದೊಂದೇ ಪದ ಹೇಳಿ, ಕೊನೆಗೆ ನಮ್ಮ ಕಡೆ ತಿರುಗುತ್ತಿದ್ದರು. ನಡುವೆ ಯಾರಾದರೂ ಅವಸರಪಟ್ಟು ಕೀಲಿ ಒತ್ತಲು ಹೋದರೆ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವರು. “ಇರಮ್ಮಾ. ಅದು ಏನೋ ಹೇಳ್ತಾ ಇದೆ. ಪೂರ್ತಿ ಹೇಳ್ಲಿ. ನಡುವೆ ಬಾಯಿ ಹಾಕ್ಬಾರ್ದು.”

ಪೂರ್ತಿ ಕೇಳಿದ ಮೇಲೆ ಉತ್ತರ ಹೇಳಿಬಿಡುತ್ತಿದ್ದರು ಅಂದುಕೊಳ್ಳಬೇಡಿ. ಹತ್ತಕ್ಕೆ ಎಂಟು ಸಲ ಅವರ ಬಾಯಿಂದ ಬರುತ್ತಿದ್ದದ್ದು “ನಂಗೂ ಗೊತ್ತಾಗ್ತಿಲ್ಲ ನೋಡು” ಅನ್ನುವ ಮಾತೇ. ಇಷ್ಟು ನಿರಾಳವಾಗಿ ಈ ಮಾತು ಹೇಳುವ ಇನ್ನೊಬ್ಬ ಗಂಡಸನ್ನು ನಾನು ಹಲಸೂರಿನಲ್ಲಿ ಕಂಡಿಲ್ಲ. ನಮ್ಮ ಕಡೆಯ ಗಂಡಸರು ಗೊತ್ತಿಲ್ಲದ ದಾರಿಯನ್ನೂ ಕೈ ತೋರಿಸಿ ಹೇಳಿಯೇ ಕಳಿಸುವವರು. ಅಂಕಲ್ ಮಾತ್ರ ಗೊತ್ತಾಗ್ತಿಲ್ಲ ಅಂದು, ಕಾಲು ಮಡಚಿಕೊಂಡು ಅಲ್ಲೇ ಕೂರುತ್ತಿದ್ದರು. ಗೊತ್ತಿಲ್ಲ ಅಂದವರು ಎದ್ದು ಹೋಗಬೇಕು ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ.

ನಮ್ಮದೂ ಅವರದೂ ಒಂದೇ ಕಾಂಪೌಂಡ್ ಗೋಡೆ. ಕೆರೆಯ ಹಿಂದಿನ ಗಲ್ಲಿಯಲ್ಲಿ ಎರಡು ಚಿಕ್ಕ ಮನೆಗಳು. ಅವರು ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಮಾತು ತಮಿಳು, ಕಾರ್ಖಾನೆಯಲ್ಲಿ ಕಲಿತ ಕನ್ನಡ. ಮನೆಯಲ್ಲಿದ್ದರೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಒಂದು ಪುಟ್ಟ ಟಾರ್ಚು. ನಿವೃತ್ತಿಯಾದ ಮೇಲೆ ಅದೆಲ್ಲಿಂದ ಹಿಡಿಯಿತೋ ಈ ಹುಚ್ಚು, ಯಾರಾದರೂ ಬಿಸಾಡಿದ ಕಂಪ್ಯೂಟರ್ ಸಿಕ್ಕಿದರೆ ತಂದು, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದು ಏಳುತ್ತದೋ ಇಲ್ಲವೋ ಎಂದು ಕಾಯುವುದು. ಬಹಳಷ್ಟು ಏಳುತ್ತಿರಲಿಲ್ಲ. “ನಮ್ಮನೆ ಮಂಚದ ಕೆಳಗೆ ಒಂದು ಸ್ಮಶಾನ ಇದೆ ಶೋಭಾ. ಗುಡಿಸೋಕೆ ಪೊರಕೆ ಹೋಗಲ್ಲ” ಅನ್ನುತ್ತಿದ್ದರು ಅವರ ಹೆಂಡತಿ ಕಮಲಾ ಆಂಟಿ.

ಈ ಹುಚ್ಚು ನಮ್ಮ ಮನೆಯೊಳಗೆ ಕಾಲಿಟ್ಟದ್ದು ನಮ್ಮಮ್ಮನ ದೆಸೆಯಿಂದ.

ಅಮ್ಮ ಜೀವನ್ ಬಿಮಾ ನಗರದ ಒಂದು ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವಳು. ಬೆರಳು ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ಆಫೀಸಿನ ಅರ್ಧ ಜನ ಅವಳ ಮಾತು ಕೇಳಲು ಬರುತ್ತಿದ್ದರು, ಇನ್ನರ್ಧ ಅವಳ ಬಾಯಿಗೆ ಸಿಗದಿರಲಿ ಎಂದು ಬೇರೆ ಮೆಟ್ಟಿಲು ಹತ್ತುತ್ತಿದ್ದರು. ಅಂಥವಳ ಗಂಟಲಲ್ಲಿ ಗಡ್ಡೆ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ, ಕೈಯಲ್ಲೊಂದು ಸ್ಲೇಟು.

ಸ್ಲೇಟಿನಲ್ಲಿ ಬೇಕು ಬೇಡಗಳಿಗೆ ಮಾತ್ರ ಜಾಗ. “ನೀರು”, “ಫ್ಯಾನ್ ಆಫ್”, “ಸಾಕು”. ಅದರಲ್ಲಿ ಜಗಳ ಆಡಲು ಆಗುವುದಿಲ್ಲ, ಹಳೆಯ ಕಥೆ ಹೇಳಲು ಆಗುವುದಿಲ್ಲ. ಅವಳು ಎರಡಕ್ಷರ ಬರೆಯುವಷ್ಟರಲ್ಲಿ ನಾನು ಉಳಿದದ್ದನ್ನು ಊಹಿಸಿ ಹೇಳಿಬಿಡುತ್ತಿದ್ದೆ. ಅವಳು ಅಲ್ಲ ಎಂದು ತಲೆ ಅಲ್ಲಾಡಿಸಿ, ಒರೆಸಿ, ಮತ್ತೆ ಬರೆಯುವಷ್ಟರಲ್ಲಿ ನನಗೆ ಇಂದಿರಾನಗರಕ್ಕೆ ಹೊರಡುವ ಹೊತ್ತು. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ನಾನು ರಿಸೆಪ್ಷನಿಸ್ಟ್. ದಿನವಿಡೀ ಬಾಯಿ ತೆರೆದವರ ನಡುವೆ ಮಾತಾಡಿ ಸಂಜೆ ಬಂದರೆ ಮನೆಯಲ್ಲಿ ಬಳಪದ ಕಿರ್ ಕಿರ್. ನೆಂಟರಂತೂ ಅಮ್ಮನಿಗೆ ಕಿವಿಯೂ ಹೋಗಿದೆ ಅನ್ನುವಂತೆ “ಊಟ ಆಯ್ತಾಆಆ?” ಎಂದು ಕಿರುಚುವರು. ಬರಬರುತ್ತಾ ಅಮ್ಮ ಸ್ಲೇಟನ್ನೂ ಮುಟ್ಟದೆ ಗೋಡೆ ನೋಡುತ್ತಾ ಕೂರತೊಡಗಿದಳು.

ಆಗ ಒಂದು ಭಾನುವಾರ ಸೆಲ್ವರಾಜ್ ಅಂಕಲ್ ಮಂಚದ ಕೆಳಗಿನ ಒಂದು ಕಂಪ್ಯೂಟರ್ ಡಬ್ಬವನ್ನು ಎದೆಗೆ ಅವುಚಿಕೊಂಡು ಬಂದರು. “ಅಕ್ಕಾ, ಇದ್ರಲ್ಲಿ ಕನ್ನಡ ಟೈಪ್ ಮಾಡಿದ್ರೆ ಇದೇ ಓದಿ ಹೇಳುತ್ತಂತೆ. ನಿಮ್ಮ ಹಳೇ ಟೈಪ್‌ರೈಟರ್ ಕೀಲಿ ಜೋಡಣೆನೇ ಕೂರಿಸ್ಬೋದಂತೆ. ಟ್ರೈ ಮಾಡಣಾ?”

ಫೋನಿನಲ್ಲೂ ಅಂಥದ್ದಿದೆ, ನಾನು ಹಾಕಿಕೊಟ್ಟಿದ್ದೆ. ಆದರೆ ಅಮ್ಮನ ಬೆರಳು ಆ ಗಾಜಿನ ಮೇಲೆ ನಿಲ್ಲುತ್ತಿರಲಿಲ್ಲ. ಕುಟ್ಟಿದರೆ ತಿರುಗಿ ಒದೆಯುವ ಕೀಲಿ ಬೇಕು ಅವಳಿಗೆ.

ಅಂಕಲ್ ಹೊಸದೊಂದು ಡಿಸ್ಕ್ ಕೂರಿಸಿದರು, ಆಪರೇಟಿಂಗ್ ಸಿಸ್ಟಮ್ ತುಂಬಿದ್ದ ಪೆನ್‌ಡ್ರೈವ್ ಚುಚ್ಚಿದರು, ಒಂದಿಡೀ ಮಧ್ಯಾಹ್ನ ಗಟ್ಟಿಯಾಗಿ ಓದಿದರು. “ಎಲ್ಲಾ ನೀನೇ ಮಾಡ್ಕೋ” ಅಂತ ಕಂಪ್ಯೂಟರಿಗೆ ಬಿಟ್ಟುಬಿಡುವ ಒಂದು ಸುಲಭದ ದಾರಿ ಇತ್ತಂತೆ. ಇನ್‌ಸ್ಪೆಕ್ಷನ್ ವಿಭಾಗದ ಮನುಷ್ಯ, ಅದನ್ನು ಒಪ್ಪಲಿಲ್ಲ. ಎಲ್ಲವನ್ನೂ ತಾವೇ ಆರಿಸಿದರು. ಸಂಜೆ ಕಾಫಿ ಹೊತ್ತಿಗೆ ತೆರೆಯ ಮೇಲೆ ನೀಲಿ ಬಣ್ಣ ಬಂತು. “ಎದ್ನಪ್ಪಾ!” ಎಂದು ಅಂಕಲ್ ಚಪ್ಪಾಳೆ ಹೊಡೆದರು. ಅಮ್ಮ ಕುರ್ಚಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಆಫೀಸಿನಲ್ಲಿ ಕೂರುತ್ತಿದ್ದ ಹಾಗೇ ಕೂತು ಟಪಟಪ ಕುಟ್ಟಿದಳು. ಮೂಗು ಕಟ್ಟಿದ ಬಸ್ ಕಂಡಕ್ಟರನಂಥ ಒಂದು ಗಂಡುಧ್ವನಿ ಹೇಳಿತು: “ಒಂದು ವರ್ಷದಿಂದ ಶೋಭಾ ಮಾಡುವ ಸಾರಿಗೆ ಉಪ್ಪು ಜಾಸ್ತಿ.”

ನಾನು ನಕ್ಕೆ, ಹಾಗೇ ಅತ್ತೂಬಿಟ್ಟೆ. ಅಂಕಲ್ ಗಾಬರಿಯಾಗಿ, “ಹೆಣ್ಣು ಧ್ವನಿ ಹಾಕ್ಬೋದಂತೆ ಅಕ್ಕಾ, ಹುಡುಕ್ತೀನಿ” ಅಂದರು. ಅಮ್ಮ ಮತ್ತೆ ಕುಟ್ಟಿದಳು. ಕಂಡಕ್ಟರ್ ಹೇಳಿದ: “ಇದೇ ಇರಲಿ. ಯಾರೂ ಎದುರು ಮಾತಾಡಲ್ಲ.”

ಕೆಲಸ ಮುಗಿಯಿತು ಎಂದು ಅಂಕಲ್ ಪೆನ್‌ಡ್ರೈವ್ ಕಿತ್ತುಕೊಂಡು ಮನೆಗೆ ಹೋದರು. ಮಾರನೆಯ ಬೆಳಿಗ್ಗೆ ಅಮ್ಮ ಸ್ವಿಚ್ ಹಾಕಿದರೆ ಕಪ್ಪು ತೆರೆ, ಅದರ ಮೇಲೆ ಒಂದು ಸಾಲು ಇಂಗ್ಲಿಷ್. ಅಂಕಲ್ ಬಂದರು, ಓದಿದರು, ಗೊತ್ತಾಗ್ತಿಲ್ಲ ಅಂದರು, ಕೂತರು. ಮರುದಿನವೂ ಬಂದರು, ಅದೇ ಸಾಲನ್ನು ಅದೇ ಶ್ರದ್ಧೆಯಿಂದ ಓದಿದರು. ನಾನು ತಾಳ್ಮೆ ಕಳೆದುಕೊಂಡು, ಮಹಡಿಯಲ್ಲಿ ಬಾಡಿಗೆಗಿದ್ದ ಐಟಿ ಕಂಪನಿಯವನನ್ನು ಕರೆದುಕೊಂಡು ಬಂದೆ. ಅವನು ಬಾಗಿಲಲ್ಲೇ ನಿಂತು, “ಎಲ್ಲಾ ಅಳ್ಸಿ ಫಾರ್ಮ್ಯಾಟ್ ಮಾಡ್ಬಿಡಿ ಅಂಕಲ್” ಅಂದು ಹೋದ. ಅಂಕಲ್‌ಗೆ ಯಾವತ್ತೂ ಬರದ ಸಿಟ್ಟು ಬಂತು. “ಇದೇನಮ್ಮಾ ಇದು, ಕಾಯಿಲೆ ಏನು ಅಂತ ಕೇಳಿದ್ರೆ ತಿಥಿ ಮಾಡಿ ಅಂತಾನೆ!”

ಬೂಟ್ ಲೋಡರ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಆ ದಿನಗಳಲ್ಲೇ. ಅಮ್ಮನೂ ನಾನೂ ಕೂತು ಕೇಳುತ್ತಿದ್ದೆವು, ಅಂಕಲ್ ಕೈ ಆಡಿಸುತ್ತಾ ಹೇಳುತ್ತಿದ್ದರು. “ಸ್ವಿಚ್ ಹಾಕಿದ ತಕ್ಷಣ ಮಿಷನ್‌ಗೆ ತಾನು ಯಾರು ಅಂತಾನೇ ಗೊತ್ತಿರಲ್ಲ ಅಕ್ಕಾ. ನಿದ್ದೆಗಣ್ಣಲ್ಲಿ ಎದ್ದ ಮಗು ಥರ. ಯಾರೋ ಒಬ್ರು ಬಂದು, ಬಾ, ನಿನ್ನ ಮನೆ ಇಲ್ಲಿ ಅಂತ ಕೈ ಹಿಡ್ಕೊಂಡು ಬಿಟ್ಟು ಬರ್ಬೇಕು. ಅದೇ ಬೂಟ್ ಲೋಡರ್. ಅವನಿಗೆ ಅಷ್ಟೇ ಕೆಲ್ಸ. ಬಿಟ್ಟ ಮೇಲೆ ಅವನು ಹೊರಟೋಗ್ತಾನೆ, ಆಮೇಲೆ ಯಾರೂ ಅವನನ್ನ ಕೇಳೋದೂ ಇಲ್ಲ. ನಮ್ಮದ್ರಲ್ಲಿ ಅವನೇ ಕಾಣ್ತಿಲ್ಲ.”

ಕೊನೆಗೆ ಬೇರೆ ದಾರಿ ಕಾಣದೆ, ಎಲ್ಲವನ್ನೂ ಮೊದಲಿಂದ ಹಾಕೋಣ ಎಂದು ಪೆನ್‌ಡ್ರೈವ್ ತಂದು ಚುಚ್ಚಿ ಸ್ವಿಚ್ ಹಾಕಿದರು. ಏನೂ ಆಗಿಯೇ ಇಲ್ಲ ಅನ್ನುವಂತೆ ನೀಲಿ ತೆರೆ ಬಂತು. ಅಮ್ಮ ಬರೆದಿದ್ದೆಲ್ಲ ಇದ್ದ ಹಾಗೇ ಇತ್ತು. ಅಂಕಲ್ ಪೆನ್‌ಡ್ರೈವ್ ಕಿತ್ತರು, ಕಪ್ಪು. ಚುಚ್ಚಿದರು, ನೀಲಿ. ಎಷ್ಟೋ ಹೊತ್ತು ಹೀಗೇ ನಡೆದ ಮೇಲೆ ಹಣೆ ಚಚ್ಚಿಕೊಂಡರು. ಕೈ ಹಿಡಿದು ಮನೆ ಸೇರಿಸುವ ಆ ಪುಣ್ಯಾತ್ಮನನ್ನು ಅವರು ಕಂಪ್ಯೂಟರಿನೊಳಗೆ ಕೂರಿಸುವ ಬದಲು ಪೆನ್‌ಡ್ರೈವಿನೊಳಗೆ ಕೂರಿಸಿ, ಜೇಬಿಗೆ ಹಾಕಿಕೊಂಡು ಹೋಗಿದ್ದರು. ಎಲ್ಲಿ ಕೂರಿಸಬೇಕು ಅನ್ನುವ ಪ್ರಶ್ನೆ ಕೊನೆಯ ಸಾಲಿನಲ್ಲಿತ್ತು. ನಮ್ಮ ಹಳೆಯ ಮಾನಿಟರ್ ಚಿಕ್ಕದಾದ್ದರಿಂದ ಆ ಸಾಲು ತೆರೆಯ ಕೆಳಗೆ ಮುಚ್ಚಿಹೋಗಿತ್ತು. ಎಲ್ಲವನ್ನೂ ಓದುವ ಮನುಷ್ಯ ಓದದೆ ಬಿಟ್ಟದ್ದು ಅದೊಂದೇ ಸಾಲು.

“ಬೀಗದ ಕೈ ನನ್ನ ಜೇಬಲ್ಲಿಟ್ಕೊಂಡು, ನಿಮ್ಮನೆ ಬಾಗ್ಲು ಯಾಕೆ ತೆಗೀತಿಲ್ಲ ಅಂತ ದಿನಾ ಬಂದು ನೋಡ್ತಿದ್ದೆನಲ್ಲಾ ಅಕ್ಕಾ!”

ಸರಿಪಡಿಸುತ್ತೇನೆ ಎಂದು ಫೋನಿನಲ್ಲಿ ನೋಡಿಕೊಂಡು ಅದೇನೇನೋ ಟೈಪ್ ಮಾಡಲು ಹೊರಟರು. ಒಂದಾದ ಮೇಲೊಂದು ಎರರ್ ಬಂತು, ಒಂದೊಂದನ್ನೂ ಓದಿದರು. ಇನ್ನೇನು ಮುಂದಿನದಕ್ಕೆ ಕೈ ಹಾಕಬೇಕು, ಅಮ್ಮ ಸ್ಲೇಟನ್ನು ಅವರ ಮುಖದ ಮುಂದೆ ಹಿಡಿದಳು: “ಬೇಡ. ಹೀಗೇ ಇರಲಿ.” ಸಿಕ್ಕ ಮಾತನ್ನು ಮತ್ತೆ ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಅಂಕಲ್ ಸುಮ್ಮನೆ ಒಪ್ಪಿದರು. ಪೆನ್‌ಡ್ರೈವನ್ನು ಅಲ್ಲೇ ಬಿಟ್ಟು, ಅದರ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ, ತಮ್ಮ ದೊಡ್ಡ ದೊಡ್ಡ ಅಕ್ಷರದ ಕನ್ನಡದಲ್ಲಿ “ಮುಟ್ಟ ಬೇಡಿ” ಎಂದು ಬರೆದರು.

ಅವತ್ತಿನಿಂದ ದಿನಾ ಬೆಳಿಗ್ಗೆ ಹಾಲು ತರಲು ಹೊರಟ ಅಂಕಲ್ ಕಾಂಪೌಂಡ್ ಗೋಡೆಯ ಆಚೆಯಿಂದ ಕೂಗುವರು: “ಎದ್ತಾಮ್ಮಾ?” ನಾನು ಒಳಗಿಂದ “ಎದ್ತು ಅಂಕಲ್!” ಅನ್ನಬೇಕು. ಅನ್ನುವವರೆಗೂ ಹೋಗುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದರೆ ಅಮ್ಮನೇ ಕುಟ್ಟಿ, ಸದ್ದು ಜಾಸ್ತಿ ಮಾಡಿ, ಕಂಡಕ್ಟರನ ಕೈಲಿ “ಎದ್ದಿದೆ ಹೋಗಪ್ಪಾ” ಅನ್ನಿಸುವಳು. ಇಡೀ ಗಲ್ಲಿಗೆ ಕೇಳಿಸುತ್ತಿತ್ತು.

ಸಂಜೆ ಬಂದು ಅಮ್ಮನ ಜೊತೆ ಕೂರುತ್ತಿದ್ದರು. ಅಮ್ಮ ದೊಡ್ಡ ದೊಡ್ಡ ವಾಕ್ಯ ಕುಟ್ಟುವವಳು, ಕುಟ್ಟಿ ಮುಗಿಯುವವರೆಗೂ ಧ್ವನಿ ಬರುವುದಿಲ್ಲ. ನಾವೆಲ್ಲ ಹಿಂದಿನಿಂದ ಇಣುಕಿ ಓದಿ, ಅವಳು ಮುಗಿಸುವ ಮುಂಚೆಯೇ ಉತ್ತರ ಕೊಟ್ಟುಬಿಡುತ್ತಿದ್ದೆವು. ಅಂಕಲ್ ತೆರೆಯ ಕಡೆ ನೋಡುತ್ತಲೇ ಇರಲಿಲ್ಲ. ಅಂಗೈ ಮೇಲೆ ಗಲ್ಲ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ, ಅವಳು ಮುಗಿಸಿ, ಕಂಡಕ್ಟರ್ ಹೇಳಿ ಮುಗಿಸಿದ ಮೇಲೆ, “ಹೌದಾ ಅಕ್ಕಾ? ಆಮೇಲೆ?” ಅನ್ನುವರು. ಅವರು ಕೂತಿದ್ದಾಗ ಅಮ್ಮನ ಮುಖದಲ್ಲಿ ಆಫೀಸಿನ ದಿನಗಳ ಗತ್ತು ಬರುತ್ತಿತ್ತು. ಅವರನ್ನು ನೋಡಿ ನಾನೂ ಸುಮ್ಮನೆ ಕಾಯುವುದನ್ನು ತಕ್ಕಮಟ್ಟಿಗೆ ಕಲಿತೆ.

ಹೋದ ವರ್ಷ ನವರಾತ್ರಿಯ ಹೊತ್ತಿಗೆ ಅಂಕಲ್‌ಗೆ ಕೆಮ್ಮು ಹಿಡಿಯಿತು. ಕೆಮ್ಮು ಜ್ವರವಾಗಿ, ಜ್ವರ ನ್ಯುಮೋನಿಯಾ ಆಗಿ, ಆಸ್ಪತ್ರೆಗೆ ಸೇರಿಸಿದರು. ಅದರ ಬೆನ್ನಿಗೇ ಆಯುಧ ಪೂಜೆ. ಕೆ.ಆರ್. ಪುರದಿಂದ ನಮ್ಮಕ್ಕ, ಭಾವ ಹೊಸ ಕಾರಿನಲ್ಲಿ ಬಂದರು. ನಾನು ಹೂವು, ಬೂದುಗುಂಬಳ ತರಲು ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದೆ, ಅಮ್ಮ ಸ್ನಾನಕ್ಕೆ ಹೋಗಿದ್ದಳು. ನಮ್ಮಕ್ಕ ಕಂಪ್ಯೂಟರನ್ನು ಪೂಜೆಗೆ ಅಣಿ ಮಾಡಲು ಹೊರಟಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊಳೆ ಹಿಡಿದ ಆ ಪ್ಲಾಸ್ಟರನ್ನು ಕಿತ್ತು ಬಿಸಾಡಿ, ಪೆನ್‌ಡ್ರೈವನ್ನು ಕಿಟಕಿಯಲ್ಲಿಟ್ಟು, ಡಬ್ಬಕ್ಕೂ ಕೀಬೋರ್ಡಿಗೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದಳು. ಕಾರಿನ ಪೂಜೆಗೆ ಹಾಡು ಬೇಕಾಗಿದ್ದ ಭಾವ ಕಿಟಕಿಯಲ್ಲಿ ಪೆನ್‌ಡ್ರೈವ್ ಕಂಡರು. ಕಾರಿನ ಸ್ಟೀರಿಯೋ ಅದನ್ನು ಒಪ್ಪಲಿಲ್ಲವಂತೆ. ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಎಲ್ಲವನ್ನೂ ಅಳಿಸಿ, ಅದರ ತುಂಬ ದೇವಿಯ ಹಾಡು ತುಂಬಿಕೊಂಡರು.

ನಾನು ಬಂದಾಗ ಕಾರಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು, ಒಳಗಿಂದ ಜೋರಾಗಿ ಹಾಡು.

“ಭಾವಾ, ಆ ಪೆನ್‌ಡ್ರೈವ್ ಎಲ್ಲೀದು?”

“ಕಿಟ್ಕೀಲಿತ್ತು ಕಣೆ. ಅದ್ರಲ್ಲಿ ಏನೂ ಇರ್ಲಿಲ್ಲ, ಯಾವ್ದೋ ಇಂಗ್ಲಿಷ್ ಹೆಸ್ರಿನ ಫೈಲುಗಳು. ಒರ್ಸಾಕ್ಬಿಟ್ಟೆ.”

ನನ್ನ ಕೈಯಲ್ಲಿದ್ದ ಬೂದುಗುಂಬಳ ಅಲ್ಲೇ ಒಡೆಯದಿದ್ದದ್ದು ಭಾವನ ಪುಣ್ಯ. ವಿಷಯ ತಿಳಿದು ಅಕ್ಕ ಅತ್ತಳು, ಭಾವ ನೆಲ ನೋಡಿದರು. ಅಮ್ಮ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸ್ಲೇಟನ್ನು ತೆಗೆದು, ಸೆರಗಿನಿಂದ ಒರೆಸಿ, ಭಾವನಿಗೆ ಬರೆದು ತೋರಿಸಿದಳು: “ಹಾಡು ಚೆನ್ನಾಗಿದೆಯಾ?” ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು. ಕುಂಕುಮ ಹಚ್ಚಿಸಿಕೊಂಡು ಹೂ ಮುಡಿದ ಕಂಪ್ಯೂಟರ್ ಕಪ್ಪು ತೆರೆಯಲ್ಲಿ ಅದೇ ಒಂದು ಸಾಲು ತೋರಿಸುತ್ತಿತ್ತು.

ರಜೆ, ಕಂಪ್ಯೂಟರ್ ಅಂಗಡಿಗಳೆಲ್ಲ ಮುಚ್ಚಿದ್ದವು. ನಾನು ನಾಚಿಕೆ ಬಿಟ್ಟು ಆಸ್ಪತ್ರೆಗೇ ಫೋನ್ ಮಾಡಿದೆ. ಕಮಲಾ ಆಂಟಿ ಫೋನನ್ನು ಅಂಕಲ್ ಕಿವಿಗೆ ಹಿಡಿದರು. ಉಸಿರು ಎಳೆಯುವ ಸದ್ದೇ ಹೆಚ್ಚು.

“ಓದು,” ಅಂದರು.

ನಾನು ಬೆರಳನ್ನು ಗಾಜಿಗೆ ತಾಗಿಸಿ ಒಂದೊಂದೇ ಪದ ಓದಿದೆ.

“ಪೂರ್ತಿ ಓದ್ದ್ಯಾ?”

“ಓದ್ದೆ ಅಂಕಲ್.”

“ಈ ಸಲ ಗೊತ್ತಿದೆಯಮ್ಮಾ. ನನ್ನ ಕೈ ಅಲ್ಲಿಲ್ಲ. ಬರ್ತೀನಿ. ಅಕ್ಕನ್ಗೆ ಹೇಳು, ಬರ್ತೀನಿ.” ಮುಂದಿನದೆಲ್ಲ ಕೆಮ್ಮು. ಆಂಟಿ ಫೋನ್ ತೆಗೆದುಕೊಂಡರು.

ಬರಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಐಸಿಯುಗೆ ಹಾಕಿದರು. ಅಮ್ಮ ನೋಡಲೇಬೇಕು ಎಂದು ಹಟ ಹಿಡಿದಳು. ಸೀರೆಯ ಸೆರಗಿನಲ್ಲಿ ಸ್ಲೇಟು ಮುಚ್ಚಿಕೊಂಡು ಬಂದಳು. ಅಂಕಲ್ ಅವರ ಮೂಗು ಬಾಯಿ ಎರಡನ್ನೂ ಒತ್ತಿ ಹಿಡಿದ ಮಾಸ್ಕು, ತಲೆಯ ಸುತ್ತ ಪಟ್ಟಿ, ಅದರೊಳಗೆ ಗಾಳಿ ಭರ್ರೆನ್ನುತ್ತಿತ್ತು. ಮಾತಾಡಲು ಹೋದರು, ಆಗಲಿಲ್ಲ. ಜೇಬು ಹುಡುಕುವವರ ಹಾಗೆ ಕೈ ಎದೆಯ ಮೇಲೆ ಆಡುತ್ತಿತ್ತು. ಆಂಟಿಯೂ ನಾನೂ “ನೀರಾ? ಚಳಿಯಾ? ಡಾಕ್ಟರ್‌ನ ಕರೀಲಾ?” ಎಂದು ಒಂದೇ ಸಮ ಕೇಳತೊಡಗಿದೆವು. ಅಮ್ಮ ನಮ್ಮಿಬ್ಬರ ಕೈಯನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಬಳಪವನ್ನು ಅವರ ಬೆರಳ ನಡುವೆ ಇಟ್ಟು, ಸ್ಲೇಟನ್ನು ಓರೆಯಾಗಿ ಹಿಡಿದು, ಕಿಟಕಿಯ ಕಡೆ ನೋಡುತ್ತಾ ನಿಂತಳು. ಅವರು ಬರೆಯುತ್ತಿದ್ದಾಗ ಒಂದು ಸಲವೂ ಇಣುಕಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಬಳಪ ನಿಂತಿತು. ಅಮ್ಮ ತಿರುಗಿ ನೋಡಿದಳು. ಸೊಟ್ಟ ಸೊಟ್ಟ ದೊಡ್ಡ ಅಕ್ಷರದಲ್ಲಿ ಒಂದೇ ಮಾತಿತ್ತು: “ಎದ್ತಾ?”

ಕಂಪ್ಯೂಟರ್ ಎದ್ದಿರಲಿಲ್ಲ. ಅದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಇದ್ದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಮ್ಮಮ್ಮ. ಅವಳು ಬಳಪ ತೆಗೆದುಕೊಂಡು, ಅದರ ಕೆಳಗೆ ಬರೆದಳು: “ಎದ್ದಿದೆ.”

ಅಂಕಲ್ ಅದನ್ನು ನೋಡಿದರು. ಮಾಸ್ಕಿನೊಳಗೆ ತುಟಿ ಅಲ್ಲಾಡಿದ್ದು ಕಂಡಿತು, ಅದನ್ನೂ ಅವರು ಗಟ್ಟಿಯಾಗಿಯೇ ಓದಿರಬೇಕು. ಎರಡೂ ಅಂಗೈಯನ್ನು ಹೊದಿಕೆಯ ಮೇಲೆ ಮೆಲ್ಲಗೆ ತಟ್ಟಿದರು. ಮಾರನೆಯ ದಿನ ಬೆಳಿಗ್ಗೆ ಹಾಲಿನ ಹೊತ್ತಿಗೆ ಹೋಗಿಬಿಟ್ಟರು.

ಅಮ್ಮ ಆ ಸ್ಲೇಟನ್ನು ಒರೆಸಲು ಬಿಡಲಿಲ್ಲ. ಕಂಪ್ಯೂಟರಿನ ಪಕ್ಕ ಗೋಡೆಗೆ ಒರಗಿಸಿಟ್ಟಳು. ಬರೆಯಲು ಬೇರೆ ಸ್ಲೇಟು ತರುತ್ತೇನೆ ಅಂದರೆ ಬೇಡ ಎಂದು ಕೈ ಆಡಿಸಿದಳು. ಹೀಗೆ ಅವಳು ಪೂರ್ತಿ ಮೂಕಿಯಾದಳು. ಕ್ಲಿನಿಕ್ಕು ತೆರೆದ ಮೇಲೆ ಡಾಕ್ಟರನ್ನು ಕೇಳಿ, ಅಲ್ಲಿಯ ಕಂಪ್ಯೂಟರಿನಿಂದ ಅದೇ ಆಪರೇಟಿಂಗ್ ಸಿಸ್ಟಮನ್ನು ಹೊಸ ಪೆನ್‌ಡ್ರೈವಿಗೆ ತುಂಬಿಕೊಂಡೆ. ಸಂಜೆ ಸಂಜೆ ಬಂದು ಕೂತು ಓದತೊಡಗಿದೆ, ಗಟ್ಟಿಯಾಗಿ, ಒಂದೊಂದೇ ಪದ. ಮೊದಲ ಸಂಜೆ ಆಗಲಿಲ್ಲ. ಮರುದಿನ ಇನ್ನೂ ಕೆಟ್ಟಿತು. ನಂಗೂ ಗೊತ್ತಾಗ್ತಿಲ್ಲ ಎಂದು ನನ್ನ ಬಾಯಿಂದಲೇ ಬಂದಾಗ ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕೊನೆಗೆ ಕೊನೆಯ ಸಾಲು ಬರುವ ಪುಟ ಬಂತು. ತೆರೆಯ ಕೆಳಗೆ ಅಡಗಿದ್ದ ಆ ಸಾಲನ್ನು ಪುಟ ಮೇಲೆಳೆದು ಓದಿದೆ, ಎರಡು ಹೆಸರಿದ್ದವು, ಎರಡನ್ನೂ ಓದಿದೆ, ಪೆನ್‌ಡ್ರೈವಿನ ಹೆಸರು ಬಿಟ್ಟು ಡಿಸ್ಕಿನ ಹೆಸರು ಆರಿಸಿದೆ. ಎಲ್ಲ ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತು ಅಮ್ಮನ ಕೈಗೆ ಕೊಟ್ಟು, ದೇವರೇ ಅಂದುಕೊಂಡು ಸ್ವಿಚ್ ಹಾಕಿದೆ.

ನೀಲಿ ಬಂತು.

ಅಭ್ಯಾಸ ನೋಡಿ, ಇಬ್ಬರೂ ಕಾಂಪೌಂಡ್ ಗೋಡೆಯ ಕಡೆ ತಿರುಗಿದೆವು. ಆ ಕಡೆ ಆಂಟಿ ಪಾತ್ರೆ ತೊಳೆಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಸ್ಲೇಟಿನ ಕಡೆ ಕೈ ಮಾಡಿ, “ಇನ್ನು ಒರೆಸ್ಲಾಮ್ಮಾ?” ಅಂದೆ. ಅಮ್ಮ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಬೆನ್ನು ನೆಟ್ಟಗೆ ಮಾಡಿ ಕುಟ್ಟಲು ಕೂತಳು. ನಾನು ತೆರೆಯ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಾ ಕಾದೆ. ಬಹಳ ಹೊತ್ತು ಕುಟ್ಟಿದಳು, ಅಳಿಸಿದಳು, ಮತ್ತೆ ಕುಟ್ಟಿದಳು. ಆಮೇಲೆ ಮೂಗು ಕಟ್ಟಿದ ಆ ಕಂಡಕ್ಟರ್ ಹೇಳಿದ:

“ನಾನು ಅವನಿಗೆ ಸುಳ್ಳು ಹೇಳಲಿಲ್ಲ. ಸ್ವಲ್ಪ ಬೇಗ ಹೇಳಿದೆ, ಅಷ್ಟೆ.”